ಇಪ್ಪತ್ತೇಳು ಜನಕ್ಕೆ ಒಂದೇ ಮೇಜು

ನಮ್ಮ ಊರಿನ ಹೋಟೆಲುಗಳಲ್ಲಿ ಜನರನ್ನು ಕೂರಿಸುವುದಕ್ಕೆಂದೇ ಒಬ್ಬರು ಇರುತ್ತಾರೆ. ಗಲ್ಲಾದಲ್ಲಿ ಕೂರುವವರು ಬೇರೆ, ತಿಂಡಿ ತಂದುಕೊಡುವವರು ಬೇರೆ. ಬಾಗಿಲಲ್ಲಿ ನಿಂತು, ಬಂದವರ ತಲೆ ಎಣಿಸಿ, ಮುಖ ನೋಡಿ, ಇಂಥ ಮೇಜು ಎಂದು ಕೈತೋರುವವರು ಬೇರೆ. ಪಟ್ಟಾಭಿಯವರ ತಿಂಡಿ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳು ನಾನು. ಹೆಸರು ವಾರಿಜ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ, ನನ್ನಷ್ಟು ಚೆನ್ನಾಗಿ ಜನರನ್ನು ಕೂರಿಸುವವರು ಈ ಊರಲ್ಲಿ ಇನ್ನೊಬ್ಬರಿರಲಿಲ್ಲ.

ಇಲ್ಲಿ ಅದು ಹಗುರದ ಕೆಲಸವಲ್ಲ. ಮನೆಯಿಂದ ಒಟ್ಟಿಗೆ ಹೊರಟು ಬಂದವರು ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂತು ತಿನ್ನಬೇಕು. ಬೇರೆ ಬೇರೆ ಮೇಜಿನಲ್ಲಿ ತಿಂದರೋ, ಎದ್ದು ಕೈ ತೊಳೆಯುವ ಹೊತ್ತಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು ನಿಂತುಹೋಗುತ್ತದೆ. ಮತ್ತೆ ಏಳು ದಿನ ಹಾಗೆಯೇ. ಬೀದಿಯ ಸದ್ದು ಕೇಳುತ್ತದೆ, ಪಕ್ಕದ ಮನೆಯವರ ಮಾತು ಕೇಳುತ್ತದೆ, ಜೊತೆಗೆ ಬಂದು ಆಚೆ ಮೇಜಿಗೆ ಕೂತವರ ದನಿ ಮಾತ್ರ ಕೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಮನೆಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಸ್ಲೇಟು ತೂಗುಹಾಕಿರುತ್ತಾರೆ. ‘ಉಪ್ಪು ಮುಗಿದಿದೆ’, ‘ಮಗೂಗೆ ಜ್ವರ’, ‘ತಪ್ಪು ನನ್ನದಲ್ಲ’ ಎಂದು ಬರೆದು ತೋರಿಸಿಕೊಂಡು ಏಳು ದಿನ ನೂಕುತ್ತಾರೆ. ಕೆಲವು ಸೊಸೆಯರು ಕಣ್ಣು ಮಿಟುಕಿಸಿ, “ವಾರಿಜಕ್ಕ, ಈ ಸಲ ನಮ್ಮತ್ತೇನ ಆ ಕಡೆ ಮೇಜಿಗೆ ಕೂರಿಸ್ರೀ,” ಎಂದು ಪಿಸುಗುಟ್ಟುವುದೂ ಉಂಟು. ಇಬ್ಬರ ಒಪ್ಪಿಗೆಯೂ ಇಲ್ಲದೆ ನಾನು ಹಾಗೆ ಮಾಡಿದವಳಲ್ಲ. ಕೇಳದೆ ಯಾರನ್ನೂ ಬೇರೆ ಮಾಡಬಾರದು, ಕೇಳದೆ ಯಾರ ಮೇಜನ್ನೂ ಕೂಡಿಸಬಾರದು. ನಮ್ಮ ಕಸುಬಿನ ಧರ್ಮ ಅದು.

ವಾರದ ದಿನಗಳಲ್ಲಿ ಒಬ್ಬರು, ಇಬ್ಬರು ಬಂದು ಹೋಗುತ್ತಾರೆ. ಕಷ್ಟವೆಲ್ಲ ಭಾನುವಾರದ್ದು. ಅವತ್ತು ಊರಿಗೆ ಊರೇ ತಡವಾಗಿ ಎದ್ದು, ತಲೆಗೆ ನೀರು ಹಾಕಿಕೊಂಡು, ತಿಂಡಿಯ ಹೊತ್ತು ದಾಟಿ ಊಟದ ಹೊತ್ತಿಗೆ ಇನ್ನೂ ಸಮಯವಿರುವಾಗ ಹೋಟೆಲಿಗೆ ಹೊರಡುತ್ತದೆ. ಹತ್ತರಿಂದ ಹನ್ನೆರಡೂವರೆಯವರೆಗಿನ ಆ ತಿಂಡಿಗೆ ನಮ್ಮಲ್ಲಿ ನಡುತಿಂಡಿ ಎನ್ನುತ್ತಾರೆ. ಆಗ ಆರು ಜನರ, ಎಂಟು ಜನರ ಗುಂಪುಗಳು ಬರುತ್ತವೆ. ಅವರಿಗೆ ಮೊದಲು ಕಾಫಿ ಕೊಟ್ಟು ಜಗುಲಿಯ ಬೆಂಚಿನಲ್ಲಿ ಕೂರಿಸಬೇಕು, ಮಕ್ಕಳಿಗೆ ಒಂದೊಂದು ಬಿಸ್ಕತ್ತು ಕೊಡಬೇಕು. ಯಾವ ಮೇಜಿನವರು ಕೈ ತೊಳೆಯಲು ಏಳುತ್ತಾರೆ ಎಂದು ಕಣ್ಣಿಟ್ಟಿರಬೇಕು. ಪಕ್ಕಪಕ್ಕದ ಎರಡು ಮೇಜು ಒಂದೇ ಹೊತ್ತಿಗೆ ಖಾಲಿಯಾಗುವಂತೆ, ಒಂದು ಕಡೆ ಕಾಫಿ ಬೇಗ ತರಿಸಿ, ಇನ್ನೊಂದು ಕಡೆ ಸ್ವಲ್ಪ ತಡಮಾಡಿಸಬೇಕು. ಖಾಲಿಯಾದ ಕೂಡಲೇ ಎರಡನ್ನೂ ಅಂಚಿಗೆ ಅಂಚು ತಾಗಿಸಿ ಜೋಡಿಸಬೇಕು. ನಡುವೆ ಬಿಲ್ಲಿನ ಚೀಟಿಯೊಂದನ್ನು ಇಳಿಬಿಟ್ಟು ನೋಡುತ್ತೇವೆ. ಚೀಟಿ ನಿಂತರೆ ಒಂದು ಮೇಜು, ಕೆಳಕ್ಕೆ ಇಳಿದರೆ ಎರಡು.

ಹನ್ನೆರಡು ಜನಕ್ಕಿಂತ ಹೆಚ್ಚಿನ ಗುಂಪನ್ನು ನಡುತಿಂಡಿಯ ಹೊತ್ತಿನಲ್ಲಿ ನಾವು ತೆಗೆದುಕೊಳ್ಳುತ್ತಿರಲಿಲ್ಲ. ಆ ಕಟ್ಟಳೆ ಬಂದದ್ದು ನನ್ನಿಂದಲೇ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹದಿನಾಲ್ಕು ಜನರ ಮದುವೆ ದಿಬ್ಬಣವೊಂದು ಬಂತು. ಮೂರು ಮೇಜು ಜೋಡಿಸಿದೆ. ಹದಿಮೂರು ಜನ ಹೇಗೋ ಒತ್ತಿಕೊಂಡು ಕೂತರು. ಹುಡುಗಿಯ ತಂದೆ, “ನೀವು ಕೂತ್ಕೊಳ್ಳಿ, ನಂದೇನು ಮಹಾ,” ಎನ್ನುತ್ತ ಪಕ್ಕದ ಮೇಜಿನ ಮೂಲೆಯಲ್ಲಿ ಎರಡು ಇಡ್ಲಿ ತಿಂದರು. ನಾನು ಸಾಗು ತರಿಸುವ ಗಡಿಬಿಡಿಯಲ್ಲಿದ್ದೆ, ನೋಡಲಿಲ್ಲ. ಮಧ್ಯಾಹ್ನ ಹುಡುಗಿ ಗಂಡನ ಮನೆಗೆ ಹೊರಟು ನಿಂತಾಗ ಅಪ್ಪನ ಮುಂದೆ ಏನೇನೋ ಹೇಳುತ್ತ ಅತ್ತಳಂತೆ. ಆತ ಅವಳ ತುಟಿ ನೋಡುತ್ತ ನಿಂತಿದ್ದರಂತೆ. ಇದನ್ನು ನನಗೆ ಹೇಳಿದವರು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನು ಆ ಭಾನುವಾರದ ವಿಷಯ ಹೇಳುತ್ತೇನೆ. ನಮ್ಮಲ್ಲಿ ಹದಿನೆಂಟು ಮೇಜು, ಎಲ್ಲವೂ ನಾಲ್ಕು ಜನರವು. ಹತ್ತೂವರೆಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ವಾಡಿಕೆಯಂತೆ ದೊಡ್ಡಲಿಂಗಯ್ಯ, ಚಿಕ್ಕಲಿಂಗಯ್ಯ ಎಂಬ ಅಣ್ಣತಮ್ಮಂದಿರೂ ಬಂದಿದ್ದರು. ಒಂದೇ ಅಂಗಳದ ಎರಡು ಮನೆಗಳಲ್ಲಿ ಇದ್ದ ಇವರಿಬ್ಬರೂ ಆರು ವರ್ಷದಿಂದ ಪ್ರತಿ ಭಾನುವಾರ ಒಟ್ಟಿಗೆ ಹೊರಟು, ಒಂದು ಮಾತೂ ಆಡದೆ ಅಕ್ಕಪಕ್ಕದಲ್ಲೇ ನಡೆದು ಬಂದು, ಬೇರೆ ಬೇರೆ ಮೇಜಿಗೆ ಕೂರುತ್ತಿದ್ದರು. ಇನ್ನೊಂದು ವಾರ ಒಬ್ಬರ ಮಾತು ಒಬ್ಬರಿಗೆ ಬೀಳದಿರಲಿ ಎಂದೇ ಹೀಗೆ. ಅಣ್ಣ ಊರಲ್ಲಿಲ್ಲದಾಗ ತಮ್ಮ ಅಂಗಳದ ಹಲಸಿನ ಮರ ಕಡಿಸಿದ್ದು ಜಗಳಕ್ಕೆ ಕಾರಣ. ವಾರಕ್ಕೊಮ್ಮೆ ಒಟ್ಟಿಗೆ ಹೊರಡುವ ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ. ಅಣ್ಣ ಗೋಡೆಯ ಪಕ್ಕದ ಮೇಜಿನಲ್ಲಿ, ತಮ್ಮ ಹೋಟೆಲಿನ ನಟ್ಟನಡುವೆ ಕಂಬದ ಬುಡದ ಮೇಜಿನಲ್ಲಿ.

ಹತ್ತೂ ಮುಕ್ಕಾಲಿಗೆ ಬೀದಿಯ ತಿರುವಿನಲ್ಲಿ ಒಂದು ದೊಡ್ಡ ಗುಂಪು ಕಾಣಿಸಿತು. ಕಂಕುಳಲ್ಲಿ ಕೂಸು ಹೊತ್ತವರು, ಕೋಲೂರಿದವರು, ಶಾಲೆಯ ಮಕ್ಕಳು, ಇಸ್ತ್ರಿ ಅಂಗಿಯ ಅಳಿಯಂದಿರು. ನನ್ನ ಕಣ್ಣು ತಾನಾಗಿ ಎಣಿಸಿತು. ಇಪ್ಪತ್ತೇಳು. ಗುಂಪಿನ ನಡುವೆ, ಕುತ್ತಿಗೆಗೆ ಬಿಳಿ ಪಂಚೆಯ ತುಂಡು ಸುತ್ತಿಕೊಂಡು, ಪುಟ್ಟಗೌರಮ್ಮ ನಡೆದು ಬರುತ್ತಿದ್ದರು.

ಪುಟ್ಟಗೌರಮ್ಮ ಯಾರೆಂದು ಊರಲ್ಲಿ ಯಾರೂ ಕೇಳಬೇಕಿರಲಿಲ್ಲ. ಆಕೆ ಮೂವತ್ತೆಂಟು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಹೆರಿಗೆ ಕೋಣೆ ಮಹಡಿಯ ಮೇಲಿತ್ತು, ಬಂಧುಬಳಗ ಕೆಳಗೆ ಕಾಯುತ್ತಿತ್ತು. ಮಗು ಹುಟ್ಟಿದ ಕೂಡಲೇ ಆಕೆ ಮೆಟ್ಟಿಲ ತುದಿಗೆ ಬಂದು, “ಯಾರಪ್ಪಾ ಇಂಥವರ ಕಡೆಯೋರು? ಹೆಣ್ಣು ಮಗು! ತಾಯಿ ಮಗು ಇಬ್ರೂ ಸುಖ!” ಎಂದು ಕೂಗುತ್ತಿದ್ದರು. ಆ ಕೂಗು ಸಂತೆಬೀದಿಯವರೆಗೆ ಕೇಳುತ್ತಿತ್ತು. ನನ್ನ ಇಬ್ಬರು ಮಕ್ಕಳ ಹುಟ್ಟನ್ನೂ ಆಕೆಯೇ ಕೂಗಿ ಹೇಳಿದ್ದು. ಒಳಗೆ ಕೂತು ದೋಸೆ ಮುರಿಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಆ ಗಂಟಲಿನಿಂದಲೇ ಊರಿಗೆ ಪರಿಚಯವಾದವರು.

ಮುಂದೆ ಬಂದವಳು ಆಕೆಯ ಹಿರಿಯ ಮಗಳು ಜಯಶೀಲ. ಮುಖ ಬಾಡಿತ್ತು.

“ಇಪ್ಪತ್ತೇಳು ಜನ, ವಾರಿಜಕ್ಕ. ಆಗುತ್ತಾ?”

“ಮೊದಲೇ ಹೇಳಿ ಕಳಿಸಬಾರದಿತ್ತಾ ಜಯಶೀಲಾ? ಭಾನುವಾರ, ಈ ಹೊತ್ತಲ್ಲಿ…”

“ನಮಗೇ ಗೊತ್ತಾಗಿದ್ದು ನಿನ್ನೆ ಸಂಜೆ. ಅಮ್ಮನ ಗಂಟಲಲ್ಲಿ ಗಡ್ಡೆ. ಬುಧವಾರ ದೊಡ್ಡಾಸ್ಪತ್ರೇಲಿ ಆಪರೇಷನ್. ಗಡ್ಡೆ ಜೊತೆ ಧ್ವನಿಪೆಟ್ಟಿಗೆನೂ ತೆಗೀಬೇಕಂತೆ.” ಅವಳು ದನಿ ತಗ್ಗಿಸಿದಳು. “ಆಮೇಲೆ ಅಮ್ಮ ಮಾತಾಡಲ್ಲ. ಹನ್ನೆರಡೂವರೆ ಬಸ್ಸಿಗೆ ಹೊರಡ್ತಿದೀವಿ, ಎಲ್ಲರೂ. ನಾಲ್ಕು ಹೋಟೆಲಿಗೆ ಹೋಗಿ ಬಂದ್ವಿ. ಮೂರು ಕಡೆ ಆಗಲ್ಲ ಅಂದ್ರು. ಒಂದು ಕಡೆ, ಒಂಬತ್ತು ಒಂಬತ್ತು ಜನಕ್ಕೆ ಮೂರು ಮೇಜು ಕೊಡ್ತೀವಿ ಅಂದ್ರು.”

ಒಂಬತ್ತು ಒಂಬತ್ತು. ಅಂದರೆ ಆ ಕೊನೆಯ ಮೂರು ದಿನ ಹದಿನೆಂಟು ಜನ ಆಕೆಯ ತುಟಿ ನೋಡುತ್ತ ನಿಲ್ಲಬೇಕು.

“ಕಟ್ಟಿಸಿಕೊಂಡು ಹೋಗಿ ಮನೇಲೇ ತಿನ್ನಬಹುದಲ್ವಾ?” ಎಂದೆ.

ಪುಟ್ಟಗೌರಮ್ಮನೇ ಉತ್ತರ ಕೊಟ್ಟರು. ಗಾಳಿ ಸೋರುವ ತಿದಿಯ ಹಾಗಿತ್ತು ದನಿ. “ಕಟ್ಟಿಸಿಕೊಂಡು ಹೋದ ದೋಸೆ ಮೆತ್ತಗಾಗುತ್ತೆ ಕಣೇ. ಇನ್ನೆಷ್ಟು ದಿನ ಗಂಜಿ ಅಂತ ಬರೆದಿದಾರೋ. ನನ್ನ ಜನಾನೆಲ್ಲ ಕರ್ಕೊಂಡು ಬಂದು ಗರಿಗರಿ ದೋಸೆ ತಿನ್ನಿಸಿ ಹೋಗ್ತೀನಿ ಅಂದ್ರೆ ಊರಲ್ಲಿ ಒಂದು ಮೇಜಿಲ್ವಲ್ಲೇ!”

ಅವರನ್ನು ಜಗುಲಿಯಲ್ಲಿ ಕೂರಿಸಿ, ಕಾಫಿ ಹೇಳಿ, ಗಲ್ಲಾಕ್ಕೆ ಹೋದೆ. ಯಜಮಾನರಾದ ಪಟ್ಟಾಭಿಯವರು ಕನ್ನಡಕದ ಮೇಲಿನಿಂದ ನೋಡಿ ಅಲ್ಲಿಂದಲೇ ತಲೆಯಾಡಿಸಿದರು.

“ಬೇಡ ವಾರಿಜಾ. ಬೇರೆ ವಾರ ಆಗಿದ್ರೆ, ತಪ್ಪಾದ್ರೂ ಏಳು ದಿನಕ್ಕೆ ಸರಿಹೋಗೋದು. ಈ ವಾರ ತಪ್ಪಾದ್ರೆ ಯಾವತ್ತಿಗೂ ಸರಿಹೋಗಲ್ಲ. ಆ ಪಾಪ ನಮಗೆ ಬೇಡ.”

“ವಾಪಸ್ ಕಳಿಸಿದ್ರೆ ಐದನೇ ಹೋಟೆಲು ನಾವಾಗ್ತೀವಿ. ಅದು ಪಾಪ ಅಲ್ವಾ?”

“ಕೂರಿಸೋದಾದ್ರೂ ಎಲ್ಲಿ? ಇಪ್ಪತ್ತೇಳು ಜನಕ್ಕೆ ಏಳು ಮೇಜು ಬೇಕು. ಒಂದೂ ಖಾಲಿ ಇಲ್ಲ. ಏಳು ಮೇಜು ಒಂದೇ ಸಾಲಲ್ಲಿ ಖಾಲಿ ಆಗೋ ಹೊತ್ತಿಗೆ ಬಸ್ಸು ಹೋಗಿರುತ್ತೆ.”

ಅವರ ಮಾತು ಸರಿಯಾಗಿತ್ತು. ನಾನು ತಿರುಗಿ ಮೇಜುಗಳ ಕಡೆ ನೋಡಿದೆ. ಅಲ್ಲೊಬ್ಬರು ಕಾಫಿ ಮುಗಿಸುತ್ತಿದ್ದರು, ಇಲ್ಲಿಬ್ಬರು ಈಗಷ್ಟೇ ವಡೆ ಮುರಿಯುತ್ತಿದ್ದರು. ಒಂದು ಮೇಜಿನಲ್ಲಿ ಒಂದು ಕುರ್ಚಿ, ಇನ್ನೊಂದರಲ್ಲಿ ಎರಡು, ಹೀಗೆ ಚದುರಿ ಖಾಲಿಯಾಗುತ್ತಿದ್ದವು. ಅಷ್ಟು ವರ್ಷ ಖಾಲಿ ಮೇಜನ್ನು ಹುಡುಕಿದ ಕಣ್ಣು ಆಗ ಖಾಲಿ ಕುರ್ಚಿಗಳನ್ನು ಕಂಡಿತು. ಮೇಜು ಯಾಕೆ ಖಾಲಿಯಾಗಬೇಕು? ಕೂತವರು ಕೂತ ಹಾಗೇ ಇರಲಿ. ಹದಿನೆಂಟು ಮೇಜನ್ನೂ ಸೇರಿಸಿ ಒಂದೇ ಮಾಡಿಬಿಟ್ಟರೆ, ಎಲ್ಲಿ ಕುರ್ಚಿ ಖಾಲಿಯಾದರೂ ಅದು ಪುಟ್ಟಗೌರಮ್ಮನವರ ಮೇಜೇ.

ಯಜಮಾನರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ನಿನ್ನ ಜವಾಬ್ದಾರಿ,” ಎಂದರು. ಆಮೇಲೆ ಗಲ್ಲಾದಿಂದ ಎದ್ದು ಬಂದು, “ನಾನೂ ಒಂದು ಕಡೆ ಹಿಡೀತೀನಿ, ನಡಿ,” ಎಂದರು.

ನಾನು ಹೋಟೆಲಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ವಿಷಯ ಹೇಳಿದೆ. ಪುಟ್ಟಗೌರಮ್ಮ ಹೊರಗಿದ್ದಾರೆ, ಬುಧವಾರದಿಂದ ಆಕೆಯ ದನಿ ಇರುವುದಿಲ್ಲ, ಅದಕ್ಕೆ ಎಲ್ಲರ ಮೇಜನ್ನೂ ಕೂಡಿಸಬೇಕಾಗಿದೆ, ಒಪ್ಪಿಗೆ ಇಲ್ಲದವರು ಈಗಲೇ ಹೇಳಿ ಎಂದೆ. ಕಿಟಕಿಯ ಬಳಿ ಕೂತಿದ್ದ ಪೋಸ್ಟ್ ಮಾಸ್ತರರು ಬಲಗೈ ಎಂಜಲೆಂದು ಎಡಗೈಯಲ್ಲೇ ತಮ್ಮ ಮೇಜಿನ ಅಂಚು ಹಿಡಿದು ಎದ್ದು, “ಯಾವ ಕಡೆ ನೂಕಬೇಕು ಹೇಳಮ್ಮ,” ಎಂದರು. ಅಷ್ಟೇ ಸಾಕಾಯಿತು. ಎಲ್ಲರೂ ಎದ್ದರು. ತಟ್ಟೆಯನ್ನು ಒಂದು ಕೈಯಲ್ಲಿ, ಮೇಜನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಟ್ಟಲಿನ ಸಾಂಬಾರು ಚೆಲ್ಲದ ಹಾಗೆ ಹೆಜ್ಜೆ ಹೆಜ್ಜೆಗೆ ಸರಿದರು. ಚಿಕ್ಕ ಮಕ್ಕಳು ಕುರ್ಚಿ ಎಳೆದರು. ದೋಸೆ ಹಾಕುವ ತಿಮ್ಮಣ್ಣ ಅಡುಗೆಮನೆಯಿಂದ ಇಣುಕಿ, “ಏನಿದು, ಹೋಟೆಲೇ ನಡೀತಿದೆಯಲ್ಲ!” ಎಂದ.

ಗೋಡೆಯ ಕಡೆಯ ಒಂಬತ್ತು ಮೇಜು ಒಂದಾದವು. ಬೀದಿಯ ಕಡೆಯ ಎಂಟು ಒಂದಾದವು. ನಡುವೆ ಕಂಬ. ಎರಡೂ ಕಡೆಯನ್ನು ಸೇರಿಸಲು ಇದ್ದದ್ದು ಒಂದೇ ಮೇಜು, ಚಿಕ್ಕಲಿಂಗಯ್ಯನದು. ಅದರ ಮೇಲೆ ಎರಡೂ ಮೊಣಕೈ ಊರಿ ಆತ ಅಲುಗಾಡದೆ ಕೂತಿದ್ದ.

“ನಂಗೆ ಒಪ್ಪಿಗೆ ಇಲ್ಲ,” ಎಂದ. “ಅವನು ಆ ಕಡೆ ಮೇಜಲ್ಲಿದಾನೆ. ಕೂಡಿಸಿದ್ರೆ ಈ ವಾರ ಅವನ ಮಾತು ನನ್ನ ಕಿವಿಗೆ ಬೀಳುತ್ತೆ.”

ನಾನು ಗೋಡೆಯ ಕಡೆಗೆ ಹೋಗಿ ಅಣ್ಣನನ್ನು ಕೇಳಿದೆ. ದೊಡ್ಡಲಿಂಗಯ್ಯ ಚಟ್ನಿಯಲ್ಲಿ ದೋಸೆ ಅದ್ದುತ್ತ, “ಅವನು ಒಪ್ಪಿದ್ರೆ ನಾನು ಒಪ್ಪಲ್ಲ. ಅವನು ಒಪ್ಪದಿದ್ರೆ ನಂದೇನೂ ಅಡ್ಡಿಯಿಲ್ಲ,” ಎಂದ. ಸುತ್ತಲಿನವರು ನಕ್ಕರು. ನನಗೆ ನಗು ಬರಲಿಲ್ಲ. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ಯಾರೋ ಒಬ್ಬರು, “ಎತ್ತಿ ಪಕ್ಕಕ್ಕಿಡಿ ಅವನನ್ನ,” ಎಂದರು. ನಾನು ಒಪ್ಪಲಿಲ್ಲ. ಕೇಳದೆ ಮೇಜು ಕೂಡಿಸಿದರೆ ನಾಳೆಯಿಂದ ಯಾವ ಮುಖ ಹೊತ್ತು ಬಾಗಿಲಲ್ಲಿ ನಿಲ್ಲಲಿ? ಚಿಕ್ಕಲಿಂಗಯ್ಯನ ಮುಂದೆ ಕೈಜೋಡಿಸಿ ನಿಂತೆ. ಆತ ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಪುಟ್ಟಗೌರಮ್ಮ ತಾವೇ ಒಳಗೆ ಬಂದರು. ಆತನ ಎದುರಿನ ಕುರ್ಚಿ ಎಳೆದು ಕೂತರು. ಜಯಶೀಲ ಹಿಂದಿನಿಂದ, “ಅಮ್ಮ, ಮಾತು ಕಡಿಮೆ,” ಎಂದಳು. ಆಕೆ ಕೈಯಾಡಿಸಿ ಸುಮ್ಮನಿರಿಸಿದರು.

“ನೀನು ಕಮಲಮ್ಮನ ಎರಡನೇ ಮಗ ಅಲ್ವೇನೋ?”

“ಹೂಂ, ಆಯಾ.”

“ನೀನು ಹುಟ್ಟಿದಾಗ ಮೆಟ್ಟಿಲ ಮೇಲೆ ನಿಂತು ಗಂಡು ಮಗು ಅಂತ ಕೂಗಿದೆ. ಕೆಳಗೆ ನಿಮ್ಮಣ್ಣ ನಿಂತಿದ್ದ, ಮೂರು ವರ್ಷದ್ದು, ಚಡ್ಡೀನೂ ಇರಲಿಲ್ಲ ಅದಕ್ಕೆ. ಹೋ ಅಂತ ಅಳೋಕೆ ಶುರುಮಾಡ್ತು. ಅದಕ್ಕೆ ತಂಗಿ ಬೇಕಾಗಿತ್ತಂತೆ. ‘ವಾಪಸ್ ಕಳಿಸಿ, ಬೇರೆ ಕೊಡಿ’ ಅಂತ ನನ್ನ ಸೆರಗು ಹಿಡ್ಕೊಂಡು ಒಂದು ಗಂಟೆ ಕೂತಿತ್ತು.”

ಇಡೀ ಹೋಟೆಲು ಗೊಳ್ಳೆಂದಿತು. ಗೋಡೆಯ ಕಡೆಯಿಂದ ದೊಡ್ಡಲಿಂಗಯ್ಯ, “ಅದೆಲ್ಲ ಯಾಕೀಗ?” ಎಂದು ಗೊಣಗಿದ. ಚಿಕ್ಕಲಿಂಗಯ್ಯ ಮಾತ್ರ ನಗಲಿಲ್ಲ, ಆಕೆಯ ಕುತ್ತಿಗೆಯ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದ.

“ನಾನು ಅದಕ್ಕೆ ಏನಂದೆ ಗೊತ್ತಾ? ‘ಒಂದು ಸಲ ಕೂಗಿ ಹೇಳಿದ್ಮೇಲೆ ಮುಗೀತು ಮಗಾ, ಇದೇ ನಿನ್ನ ತಮ್ಮ’ ಅಂದೆ.” ಆಕೆಗೆ ಉಸಿರು ಸಾಲಲಿಲ್ಲ. ನೀರು ಕುಡಿದು, ಮತ್ತೆ ಹೇಳಿದರು. “ನಿಮ್ಮ ಜಗಳ ನಿಲ್ಲಿಸೋಕೆ ಬಂದಿಲ್ಲ ಕಣಪ್ಪ. ಬೇಕಾದಷ್ಟು ಜಗಳ ಆಡ್ಕೊಳ್ಳಿ. ಮೂರು ದಿನ ಇದೆ ನಂಗೆ. ಇಪ್ಪತ್ತಾರು ಜನಕ್ಕೆ ಹೇಳೋದು ಬಾಕಿ ಇದೆ. ಈ ಮೇಜು ಕೊಡು.”

ಚಿಕ್ಕಲಿಂಗಯ್ಯ ತಟ್ಟೆಯಲ್ಲಿ ಕೈ ಕೊಡವಿ ಎದ್ದ. ಯಾರ ಸಹಾಯವನ್ನೂ ತೆಗೆದುಕೊಳ್ಳದೆ, ಹೊಟ್ಟೆಯಿಂದಲೇ ಮೇಜನ್ನು ನೂಕಿ ಕಂಬದ ಪಕ್ಕಕ್ಕೆ ತಂದ. ಒಂದು ಅಂಚು ಗೋಡೆಯ ಸಾಲಿಗೆ ತಾಗಿತು, ಇನ್ನೊಂದು ಬೀದಿಯ ಸಾಲಿಗೆ. ದೊಡ್ಡಲಿಂಗಯ್ಯ ಏನೋ ಹೇಳಲು ಬಾಯಿ ತೆರೆದವನು ಆಕೆಯನ್ನು ನೋಡಿ, “ಆಗಲಿ ಬಿಡಿ, ನಂದೂ ಅಡ್ಡಿಯಿಲ್ಲ,” ಎಂದ. ನಾನು ಚೀಟಿ ಹಿಡಿದು ಮೊದಲ ಮೇಜಿನಿಂದ ಶುರುಮಾಡಿ ಸಂದು ಸಂದಿಗೂ ಇಟ್ಟು ನೋಡಿದೆ. ಹದಿನೇಳು ಸಂದು. ಹದಿನೇಳು ಕಡೆಯೂ ಚೀಟಿ ನಿಂತಿತು.

ಆಮೇಲೆ ಕೂರಿಸಲು ಶುರುಮಾಡಿದೆ. ಕಾಫಿ ಕುಡಿದು ಮುಗಿಸಿದ್ದ ಹನ್ನೊಂದು ಜನ ತಾವಾಗಿ ಎದ್ದು ಜಾಗ ಬಿಟ್ಟರು. ಹೊರಗೆ ಸರದಿಯಲ್ಲಿದ್ದವರು, “ಮೊದಲು ಅವರು ಕೂರಲಿ,” ಎಂದರು. ವಯಸ್ಸಾದವರನ್ನು ಅಡುಗೆಮನೆಯ ಬಾಗಿಲ ಹತ್ತಿರ, ಕೂಸಿನ ತಾಯಂದಿರನ್ನು ಗಾಳಿ ಬರುವ ಕಡೆ, ಮಕ್ಕಳನ್ನು ಪೋಸ್ಟ್ ಮಾಸ್ತರರ ಅಕ್ಕಪಕ್ಕ ಕೂರಿಸಿದೆ. ಪುಟ್ಟಗೌರಮ್ಮ ಕಂಬದ ಬಳಿಯೇ, ಚಿಕ್ಕಲಿಂಗಯ್ಯನ ಎದುರು. ಅಲ್ಲಿಂದ ಎರಡೂ ಕಡೆಯ ಎಲ್ಲರ ಮುಖವೂ ಕಾಣುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತೇಳು ಜನವೂ ಕೂತರು.

ಅಷ್ಟು ಜನ ಒಬ್ಬೊಬ್ಬರು ಒಂದೊಂದು ಹೇಳಿದರೆ ಒಲೆ ತಡೆಯುವುದಿಲ್ಲ. ಅದಕ್ಕೆ ಎಲ್ಲರಿಗೂ ಮೊದಲು ಒಂದೊಂದು ಇಡ್ಲಿ ವಡೆ, ಆಮೇಲೆ ಒಂದೊಂದು ದೋಸೆ, ಕೊನೆಗೆ ಕೇಸರಿಬಾತು ಎಂದು ನಾನೇ ನಿರ್ಧರಿಸಿ ಹೇಳಿದೆ. ತಿಮ್ಮಣ್ಣ ಕಾವಲಿಯ ಮೇಲೆ ಒಂದು ಸಲಕ್ಕೆ ಎಂಟು ದೋಸೆ ಹಾಕಿದ. ಮೇಜುಗಳೆಲ್ಲ ಸೇರಿಬಿಟ್ಟಿದ್ದರಿಂದ ಮಾಣಿಗಳಿಗೆ ಓಡಾಡಲು ದಾರಿಯೇ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಕೊಟ್ಟರೆ, ಕೂತವರೇ ಕೈಯಿಂದ ಕೈಗೆ ದಾಟಿಸಿದರು. ಪರಿಚಯವೇ ಇಲ್ಲದವರ ಕೈಯಲ್ಲಿ ಹಾದು ದೋಸೆ ಹೊಗೆಯಾಡುತ್ತಲೇ ತಲುಪುತ್ತಿತ್ತು. ಯಾರೂ ನಡುವೆ ಒಂದು ಚೂರೂ ಮುರಿದುಕೊಳ್ಳಲಿಲ್ಲ, ಒಬ್ಬ ಅಳಿಯನನ್ನು ಬಿಟ್ಟು.

ಪುಟ್ಟಗೌರಮ್ಮ ಮೊದಲ ತುತ್ತು ಅಗಿದು, ಅಡುಗೆಮನೆಯ ಕಡೆಗೆ ಕತ್ತು ತಿರುಗಿಸಿ, “ಏಯ್ ತಿಮ್ಮಾ, ಗರಿಯೇನೋ ಇದೆ, ಉಪ್ಪು ಒಂದು ಕಲ್ಲು ಕಮ್ಮಿ!” ಎಂದರು. ತಿಮ್ಮಣ್ಣ ಅಲ್ಲಿಂದಲೇ, “ಆಯ್ತು ತಾಯಿ!” ಎಂದು ಕೂಗಿದ. ನನಗೆ ಗೊತ್ತು, ಆ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅವನು ಸಟ್ಟುಗ ಎಸೆದು ಮನೆಗೆ ಹೋಗುತ್ತಿದ್ದ.

ಆಕೆ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು. ದೊಡ್ಡ ಮಾತೇನೂ ಇರಲಿಲ್ಲ. ಮಗನಿಗೆ, “ನಿನ್ನ ಹೆಂಡತಿ ಒಂದು ಮಾತನ್ನ ಮೂರು ಸಲ ಹೇಳೋ ಹಾಗೆ ಮಾಡಬೇಡ,” ಎಂದರು. ಮೊಮ್ಮಗಳಿಗೆ, “ಉಗುರು ಕಚ್ಚೋದು ಬಿಡು.” ದೋಸೆ ಮುರಿದುಕೊಂಡ ಅಳಿಯನಿಗೆ, “ನೀನು ಒಳ್ಳೆಯವನೇ, ಸ್ವಲ್ಪ ಬಾಯಿ ಕಟ್ಟು.” ಹೀಗೆ ಹೇಳುವಾಗೆಲ್ಲ ಉದ್ದಕ್ಕೂ ಆ ಮೇಜು ಕಿವಿಯಾಗಿ ಕೂತಿರುತ್ತಿತ್ತು.

ನಮ್ಮ ಹೋಟೆಲಿನ ನೆಲ ನೀರು ಹರಿದುಹೋಗಲೆಂದು ಬಚ್ಚಲಿನ ಕಡೆಗೆ ಸ್ವಲ್ಪ ಇಳಿಜಾರು. ಕಂಬದ ಬಳಿಯ ಮೇಜು ಕೂದಲೆಳೆಯಷ್ಟು ಜಾರುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಓಡಿಹೋಗಿ ಸೊಂಟ ಕೊಟ್ಟು ಒತ್ತಿ ನಿಂತೆ. ಆ ಕಡೆಯಿಂದ ಒತ್ತಲು ಯಾರನ್ನು ಕರೆಯಲಿ ಎಂದು ನೋಡುತ್ತಿರುವಾಗಲೇ ದೊಡ್ಡಲಿಂಗಯ್ಯ ತನ್ನ ತಟ್ಟೆ ಹಿಡಿದು ಗೋಡೆಯ ಕಡೆಯಿಂದ ಎದ್ದು ಬಂದು, ಸರಿಯಾಗಿ ಆ ಸಂದಿನ ಹತ್ತಿರ ಕೂತ. ಹೋದ ಭಾನುವಾರ ಕೈ ತೊಳೆದು ಏಳು ದಿನ ಆಗಲೇ ತುಂಬಿತ್ತು. ಎರಡೂ ಮೊಣಕೈಯನ್ನು ಮೇಜಿಗೆ ಗುದ್ದಿ ಊರಿ, ಆರು ವರ್ಷದ ಮೇಲೆ ಮೊದಲ ಸಲ ತಮ್ಮನೊಂದಿಗೆ ಮಾತಾಡಿದ.

“ಅಪ್ಪ ನೆಟ್ಟ ಮರ ಕಣೋ ಅದು!”

“ಅದರ ಬೇರು ನಿನ್ನ ಗೋಡೆ ಒಳಗೇ ನುಗ್ಗಿತ್ತು. ನಿನ್ನ ಮಕ್ಕಳು ಮಲಗೋ ಕೋಣೆ ಗೋಡೆ!”

“ನನಗೆ ಹೇಳಬೇಕಿತ್ತು!”

“ಹೇಳೋಕೆ ಬಂದವನನ್ನ ಬಿಟ್ಟು ಮೊದಲನೇ ಭಾನುವಾರವೇ ಬೇರೆ ಮೇಜಿಗೆ ಹೋಗಿ ಕೂತವನು ಯಾರು?”

ಜೋರಾದ ಜಗಳ. ಇಬ್ಬರೂ ಎದುರು ಬದುರು ಬಾಗಿ, ಮೇಜಿಗೆ ಎದೆಯೂರಿ, ಗಂಟಲು ಹರಿದುಕೊಂಡರು. ಅವರ ಭಾರಕ್ಕೆ ಆ ಸಂದು ಒಂದಿಂಚೂ ಅಲುಗಲಿಲ್ಲ. ಆದರೂ ನಾನು ಸೊಂಟ ತೆಗೆಯಲಿಲ್ಲ. ಕಾಲು ಗಂಟೆ ಹಾಗೇ ನಿಂತಿದ್ದೆ. ಪುಟ್ಟಗೌರಮ್ಮ ಕೇಸರಿಬಾತು ತಿನ್ನುತ್ತ ಅಣ್ಣತಮ್ಮಂದಿರ ಜಗಳವನ್ನು ಬಹಳ ಸಂತೋಷದಿಂದ ಕೇಳಿದರು.

ಹನ್ನೆರಡು ಹತ್ತಕ್ಕೆ ಅವರ ಪೈಕಿ ಎಲ್ಲರೂ ಎದ್ದು ಕೈ ತೊಳೆಯಲು ಹೋದರು. ಕಿವಿ ಮುಚ್ಚುವುದಾದರೆ ಮುಚ್ಚುವ ಹೊತ್ತು ಅದೇ. ಯಜಮಾನರು ಕಣ್ಣು ಮುಚ್ಚಿಕೊಂಡು ನಿಂತರು. ನಲ್ಲಿಯ ಹತ್ತಿರ ನೂಕುನುಗ್ಗಲು, ಯಾರೂ ಮಾತಾಡಲಿಲ್ಲ. ಪುಟ್ಟಗೌರಮ್ಮ ಕೈ ಒರೆಸಿಕೊಂಡು ಎಲ್ಲರ ಬೆನ್ನಿಗೂ ಕೇಳುವಂತೆ, “ಬಸ್ಸಿಗೆ ಹೊತ್ತಾಯ್ತು, ನಡೀರಿ,” ಎಂದರು.

ಇಪ್ಪತ್ತಾರು ತಲೆಗಳು ಒಟ್ಟಿಗೆ ತಿರುಗಿದವು.

ಹೋಟೆಲಿನಲ್ಲಿ ಕೂತಿದ್ದವರೆಲ್ಲ ಮೇಜು ಕುಟ್ಟಿದರು. ಲೋಟಗಳು ಕುಣಿದವು. ಯಜಮಾನರು ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡು, ಕಾಣಿಸಿತೆಂದು ಗೊತ್ತಾದಾಗ ಹೊಗೆಯನ್ನು ಬೈದರು. ಬಾಗಿಲಲ್ಲಿ ಪುಟ್ಟಗೌರಮ್ಮ ನನ್ನ ಗಲ್ಲ ಹಿಂಡಿ, “ಭೇಷ್ ಕಣೇ ಹುಡುಗಿ,” ಎಂದರು. ನನಗಾಗ ನಲವತ್ತೇಳು ವರ್ಷ. ಅವತ್ತು ಸಂಜೆಯೊಳಗೆ ನಾಲ್ಕೂ ಹೋಟೆಲುಗಳ ಕೂರಿಸುವವರು ಒಬ್ಬೊಬ್ಬರಾಗಿ ಬಂದು, ಹೇಗೆ ಮಾಡಿದೆ ಎಂದು ಕೇಳಿಕೊಂಡು ಹೋದರು. ನಾನು ಯಾವುದನ್ನೂ ಬಚ್ಚಿಡದೆ ಹೇಳಿಕೊಟ್ಟೆ. ಈಗ ಊರಲ್ಲಿ ಎಷ್ಟೇ ದೊಡ್ಡ ಗುಂಪು ಬಂದರೂ ಯಾರೂ ಬಾಗಿಲಿಂದ ವಾಪಸು ಕಳಿಸುವುದಿಲ್ಲ. ಲಿಂಗಯ್ಯರಿಬ್ಬರೂ ಮುಂದಿನ ಭಾನುವಾರ ಒಂದೇ ಮೇಜಿಗೆ ಕೂತರು, ಜಗಳ ಇನ್ನೂ ಮುಗಿದಿಲ್ಲವೆಂದು.

ಮೂರು ವಾರದ ಮೇಲೆ ಒಂದು ಮಂಗಳವಾರ ಜಯಶೀಲ ಒಬ್ಬಳೇ ಬಂದಳು. ಆಪರೇಷನ್ ಸುಸೂತ್ರವಾಗಿತ್ತು. ಅಮ್ಮ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು, ಬೆರಳು ತೋರಿಸಿ ನರ್ಸುಗಳನ್ನೆಲ್ಲ ಹದ್ದುಬಸ್ತಿನಲ್ಲಿ ಇಟ್ಟಿದ್ದರು. ನಾನು ಕಾಫಿ ತಂದುಕೊಟ್ಟು, ಕೇಳಬಾರದೆಂದುಕೊಂಡಿದ್ದರೂ ತಡೆಯಲಾರದೆ, “ಕೊನೇಲಿ ಏನಂದ್ರು?” ಎಂದೆ.

“ಭಾನುವಾರ ಬಸ್ಸಲ್ಲೂ ಮಾತಾಡಿದ್ರು, ಸೋಮವಾರ, ಮಂಗಳವಾರ ಪೂರ್ತಿ ಮಾತಾಡಿದ್ರು. ನಾವೆಲ್ಲ ಆಸ್ಪತ್ರೆಯಿಂದ ಎರಡು ಬೀದಿ ಆಚೆಯ ಛತ್ರದಲ್ಲಿ ಇದ್ವಿ. ಬುಧವಾರ ಬೆಳಿಗ್ಗೆ ಒಳಗೆ ಹೋದ್ಮೇಲೆ ಮಾತಾಡಬಾರದು ಅಂತ ನರ್ಸು ಹೇಳಿದ್ರು. ಅದಕ್ಕೇ ಅಮ್ಮ ಆಟೋ ಹತ್ತೋವಾಗ ನಾವೆಲ್ಲ ಜಗುಲಿ ಮೇಲೆ ಸಾಲಾಗಿ ನಿಂತಿದ್ವಿ, ಇದೇ ಕೊನೇದು, ಏನು ಹೇಳ್ತಾರೋ ಅಂತ. ನಮ್ಮನೆಯವರು ಬರ್ಕೊಳ್ಳೋಕೆ ಪೆನ್ನೂ ತೆಗೆದಿದ್ರು.” ಜಯಶೀಲ ನಗಲಾರಂಭಿಸಿದಳು, ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ಅಮ್ಮ ಆಟೋದಿಂದ ತಲೆ ಹೊರಗೆ ಹಾಕಿ, ಗಂಟಲಲ್ಲಿ ಇದ್ದಬದ್ದದ್ದನ್ನೆಲ್ಲ ಸೇರಿಸಿ, ಹಳೇ ಹೆರಿಗೆ ಆಸ್ಪತ್ರೆ ಮೆಟ್ಟಿಲ ಮೇಲೆ ಕೂಗೋ ಹಾಗೆ ಕೂಗಿದ್ರು. ‘ಚಪ್ಪಲಿ ಒಳಗಿಡ್ರೋ! ನಾಯಿ ಕಚ್ಕೊಂಡು ಹೋಗುತ್ತೆ!’”

“ಆಮೇಲೆ?”

“ಆಮೇಲೇನು ವಾರಿಜಕ್ಕ, ಇಪ್ಪತ್ತಾರು ಜನಾನೂ ಒಟ್ಟಿಗೆ ಚಪ್ಪಲಿ ಎತ್ತೋಕೆ ಓಡಿದ್ವಿ. ಬಾಗಿಲಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಅರ್ಧ ಜನ ಬಿದ್ವಿ. ಕೇಳಲಿಲ್ಲ ಅಂತ ನಿಂತವರು ಒಬ್ಬರೂ ಇರಲಿಲ್ಲ.”